ಜಾಂಗಡ ತಂದ ಗ್ರಾಫಿಕ್ಸ್ ಕಾರ್ಡ್

ಮನೆತನದಲ್ಲಿ ಮೊದಲು ಪದವಿ ಪಡೆದವನಿಗೆ ‘ಗೊತ್ತಿಲ್ಲ’ ಎನ್ನುವ ಹಕ್ಕು ಇರುವುದಿಲ್ಲ. ನನ್ನದು ಇತಿಹಾಸದಲ್ಲಿ ಬಿ.ಎ. ಅದೂ ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ದಿನಾಲು ಎಸ್.ಟಿ. ಬಸ್ಸಿನಲ್ಲಿ ನಿಂತು, ರೊಟ್ಟಿಗಂಟು ಅಪ್ಪಚ್ಚಿಯಾಗದಂತೆ ತಲೆಯ ಮೇಲೆ ಎತ್ತಿ ಹಿಡಿದು ಸಂಪಾದಿಸಿದ್ದು. ಅದರ ಬಗ್ಗೆ ನನಗೆ ಅಭಿಮಾನವಿದೆ, ಮುಚ್ಚಿಡುವುದಿಲ್ಲ. ಆದರೆ ಅದು ಕೈಗೆ ಬಂದಂದಿನಿಂದ ಓಣಿಯಲ್ಲಿ ಯಾರ ಮನೆಯ ಫ್ಯೂಜು ಹೋದರೂ, ಔಷಧಿ ಬಾಟಲಿಯ ಮೇಲೆ ಏನು ಬರೆದಿದ್ದರೂ ನನಗೇ ಕರೆ. ಫ್ಯೂಜಿಗೂ ಇತಿಹಾಸಕ್ಕೂ ಏನು ಸಂಬಂಧ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಮ್ಮ ಆಫೀಸಿನವರು ಬೇಡವೆಂದು ತೆಗೆದುಹಾಕಿದ ಒಂದು ಕಂಪ್ಯೂಟರನ್ನು ಮನೆಗೆ ತಂದಿದ್ದೆ. ಹುಟ್ಟುವಾಗಲೇ ಅದು ಅಗ್ಗದ್ದು. ನಮ್ಮಲ್ಲಿಗೆ ಬರುವಷ್ಟರಲ್ಲಿ ಮುದಿಯೂ ಆಗಿತ್ತು. ಅವ್ವ ಅದಕ್ಕೆ ಕುಂಕುಮ ಹಚ್ಚಿ, ಧೂಳು ಕೂಡಬಾರದೆಂದು ದಪ್ಪನೆಯ ಸೊಲ್ಲಾಪುರ ಚಾದರ ಹೊದಿಸಿದ್ದಳು. ತಂಗಿ ಮದುವೆಯಾಗಿ ಗಂಡನೊಡನೆ ನಾಗಪುರಕ್ಕೆ ಹೋದ ಮೇಲೆ ಅವಳ ಲಗ್ನದ ಸಿ.ಡಿ. ಬಂತು. ಸಿ.ಡಿ.ಯಲ್ಲಿ ಲಗ್ನ ಬರುವುದು ಆಗಿನ್ನೂ ಹೊಸದು. ನೋಡಲು ನಮಗಿದ್ದದ್ದು ಇದೊಂದೇ ಯಂತ್ರ. ಚಿತ್ರವೋ ನಾಲ್ಕು ಹೆಜ್ಜೆ ನಡೆದು ನಿಂತುಬಿಡುತ್ತಿತ್ತು. ಮಂತ್ರ ಮುಗಿದು ಊಟದ ಗದ್ದಲ ಕೇಳಿಸುವಾಗಲೂ ಅಕ್ಷತೆ ಗಾಳಿಯಲ್ಲೇ ತೂಗುತ್ತಿತ್ತು.

ಇದನ್ನು ನೋಡಲು ತಂಗಿಯ ಮಾವನವರು, ಅಂದರೆ ನಮ್ಮ ಬೀಗರು, ಸೊಲ್ಲಾಪುರದಿಂದ ಬಂದರು. ಚಹಾ ಕುಡಿಯುತ್ತ ಬಹಳ ಹೊತ್ತು ಪರದೆಯನ್ನೇ ನೋಡಿದರು.

“ಏನ್ರಿ ಪದವೀಧರರs, ನಮ್ಮ ಹುಡುಗ ಇನ್ನಾ ತಾಳಿ ಕೈಯಾಗ ಹಿಡ್ಕೊಂಡs ನಿಂತಾನಲ್ರಿ. ಕಟ್ಟತಾನೋ ಇಲ್ಲೋ?”

ಎಲ್ಲರೂ ನಕ್ಕರು. ನಾನೂ ನಕ್ಕೆ, ಗಂಡಿನ ಕಡೆಯವರಲ್ಲವೇ.

“ಮುಂದಿನ ಐತವಾರ ಮನಿ ಮಂದಿನ್ನೆಲ್ಲಾ ಕರ್ಕೊಂಡ ಬರ್ತೀನಿ. ಅಷ್ಟರಾಗ ಕಟ್ಟಸ್ರಿ,” ಎಂದು ಹೇಳಿ ಹೋದರು. ನನ್ನ ಪದವಿಯ ಮಾನ ಆ ತಾಳಿಗೆ ಜೋತುಬಿತ್ತು.

ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಚಿತ್ರ ಓಡುತ್ತದೆಂದು ಆಫೀಸಿನಲ್ಲಿ ಯಾರೋ ಅಂದರು. ಸೊಲ್ಲಾಪುರದ ಒಂದು ಅಂಗಡಿಗೆ ಹೋದೆ. ಮುಂದಿನ ಅರ್ಧದಲ್ಲಿ ಮುದುಕ ಶೇಠಜಿ ಸೀರೆ, ಚಾದರ ಮಾರುತ್ತಾರೆ. ಹಿಂದಿನ ಅರ್ಧದಲ್ಲಿ ಮಗ ಕಂಪ್ಯೂಟರ್ ಸಾಮಾನು ಮಾರುತ್ತಾನೆ.

“ನಿಮ್ಮ ಮದರ್‌ಬೋರ್ಡ್ ಯಾವುದದರಿ, ಸರ್?” ಮಗ ಕೇಳಿದ.

“ಮೊದಲ ಮಾಲ್ ತೋರಸ್ರಿ,” ಎಂದೆ ಗಂಭೀರವಾಗಿ.

ಎರಡು ಕಾರ್ಡ್ ಇಟ್ಟ. ಒಂದು ದೊಡ್ಡದು, ಅದರ ಮೇಲೆ ಅದರದ್ದೇ ಒಂದು ಸಣ್ಣ ಫ್ಯಾನು. ಇನ್ನೊಂದು ತೆಳ್ಳಗಿನದು. ನಾನು ಒಂದನ್ನು ನೋಡಿ ತಲೆಯಾಡಿಸಿದೆ, ಇನ್ನೊಂದನ್ನು ನೋಡಿಯೂ ತಲೆಯಾಡಿಸಿದೆ. ಮುಂದುಗಡೆಯಿಂದ ಶೇಠಜಿ ಕೂಗಿದರು: “ಅರೇ, ಸರ್‌ಗೆ ಎರಡೂ ಜಾಂಗಡ ಕೊಡೋ. ಮನ್ಯಾಗ ತೋರಸ್ಲಿ.”

ಜಾಂಗಡ ಎಂದರೆ ನಮ್ಮ ಕಡೆಯ ಬಟ್ಟೆ ವ್ಯಾಪಾರದ ಹಳೆಯ ರಿವಾಜು. ಸೀರೆಗಳನ್ನು ಮನೆಗೆ ಒಯ್ದು ಹೆಣ್ಣುಮಕ್ಕಳಿಗೆ ತೋರಿಸಿ, ಪಸಂದ ಬಂದದ್ದು ಇಟ್ಟುಕೊಂಡು ಉಳಿದದ್ದು ತಿರುಗಿ ಕೊಡುವುದು.

“ಬಾಬಾ, ಹೇ ಲುಗಡಂ ನವ್ಹೇ!” ಇದೇನು ಸೀರೆಯೇ ಎಂದು ಮಗ ಮರಾಠಿಯಲ್ಲಿ ಗೊಣಗಿದ. ಅಷ್ಟರಲ್ಲಿ ನಾನು ಎರಡನ್ನೂ ಚೀಲಕ್ಕೆ ಹಾಕಿಯಾಗಿತ್ತು.

ಮನೆಯಲ್ಲಿ ಪಂಚಾಯಿತಿ ಕೂಡಿತು. ಮಿಲ್ಲಿನಲ್ಲಿ ಚಾದರ ನೇಯ್ದು ನಿವೃತ್ತನಾದ ಅಪ್ಪ ಎರಡನ್ನೂ ಅಂಗೈಯಲ್ಲಿ ತೂಗಿ, ಅಂಚನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ, “ಇದು ಘಟ್ಟಿ ಅದ. ಅದು ಹಪ್ಪಳ ಇದ್ದಂಗ ಅದ,” ಎಂದ. ಅವ್ವ, “ಪಂಖಾ ಇದ್ದದ್ದs ಇರ್ಲಿ. ಪಾಪ, ಅದಕ್ಕೂ ಝಳಾ ಆಗ್ತದ,” ಎಂದಳು. ಆ ಡಬ್ಬಿಯ ಮೇಲೆ ಇಂಗ್ಲಿಷು ಜಾಸ್ತಿ ಇದ್ದುದರಿಂದ ನನ್ನ ಮತವೂ ಅದಕ್ಕೇ ಬಿತ್ತು. ಚಾದರ ಸರಿಸಿ ಕಂಪ್ಯೂಟರ್ ಬಿಚ್ಚಿದರೆ ಒಳಗೆ ಅದು ಕೂಡುವ ಜಾಗವೇ ಇಲ್ಲ.

“ಈ ಕಾರ್ಡು ನಮ್ಮ ಕಂಪ್ಯೂಟರಿಗಿಂತ ಮುಂದಿನ ಕಾಲದ್ದಪ್ಪಾ,” ಎಂದೆ, ಇತಿಹಾಸದವನಿಗೆ ತಕ್ಕ ಹಾಗೆ.

“ಅಂದ್ರ ಕೂಡೂದಿಲ್ಲ ಅನ್ನು,” ಎಂದ ಅಪ್ಪ. ಹಪ್ಪಳ ಮಾತ್ರ ಗಪ್ಪನೆ ಕೂತಿತು.

ರವಿವಾರ ಬೀಗರು ಬಳಗ ಸಮೇತ ಬಂದರು. ಚಿತ್ರ ಎಣ್ಣೆ ಹಾಕಿದಂತೆ ಓಡಿತು. ಅಕ್ಷತೆ ತಲೆಯ ಮೇಲೆ ಬಿತ್ತು, ಹುಡುಗ ತಾಳಿ ಕಟ್ಟಿದ. “ಆತ್ರಿ, ಈಗ ಲಗ್ನ ಆತು,” ಎಂದು ಬೀಗರು ಹೋಳಿಗೆಗೆ ಕೈ ಹಾಕಿದರು. ನಾನು ಕಾಲರ್ ಸರಿಮಾಡಿಕೊಂಡೆ.

ಅವರನ್ನು ಬಸ್ಸಿಗೆ ಹತ್ತಿಸಿ ಬಂದರೆ ಅವ್ವ ಇನ್ನೂ ಕಂಪ್ಯೂಟರಿನ ಮುಂದೆಯೇ ಕೂತಿದ್ದಳು.

“ತಮ್ಮಾ, ಹಳೇದು ಹಚ್ಚತೀಯೇನು?”

“ಯಾಕವ್ವಾ? ಈಗ ಎಷ್ಟ್ ಚಂದ ಓಡಾಕತ್ತದ!”

“ಅದs ತ್ರಾಸ್. ಭಾಳ ಜಲ್ದಿ ಹೋಗ್ತದ. ಮೊದಲ ನಿನ್ನ ತಂಗೀ ಮಾರಿ ನಿಂದರತಿತ್ತು, ಕಣ್ತುಂಬ ನೋಡ್ತಿದ್ದೆ.”

ನಿಲ್ಲಿಸುವ ಗುಂಡಿ ತೋರಿಸಿದೆ. ಅವ್ವ ಒಮ್ಮೆ ಒತ್ತಿ ನೋಡಿ ಕೈ ತೆಗೆದಳು. “ನಾವು ಹಿಡದ್ ನಿಂದರಸೂದು ಬ್ಯಾರೆ, ತಮ್ಮಾ. ಆಕೀ ತಾನಾಗಿ ನಿಂದರೂದು ಬ್ಯಾರೆ.”

ಅಂದೇ ರಾತ್ರಿ ಹಪ್ಪಳವನ್ನು ಬಿಚ್ಚಿ ತೆಗೆದು ಕಂಪ್ಯೂಟರನ್ನು ಮೊದಲಿನಂತೆ ಮಾಡಿದೆ. ಸೋಮವಾರ ಎರಡೂ ಕಾರ್ಡುಗಳನ್ನು ಹೊತ್ತು ಅಂಗಡಿಗೆ ಹೋದೆ.

“ಸಣ್ಣದೂ ಚಾಲೂ ಆಗ್ಲಿಲ್ಲೇನ್ರಿ, ಸರ್?” ಮಗ ಕೇಳಿದ.

“ಛಲೋ ಚಾಲೂ ಆತ್ರಿ.”

“ಮತ್ತ ವಾಪಸ್ ಯಾಕ?”

“ಗೊತ್ತಿಲ್ರಿ,” ಎಂದೆ. ಪದವಿ ಬಂದ ಮೇಲೆ ನಾನು ಆ ಮಾತು ಆಡಿದ್ದು ಅದೇ ಮೊದಲು. ಆಕಾಶವೇನೂ ಬೀಳಲಿಲ್ಲ. “ಮನ್ಯಾಗ ಪಸಂದ ಬರ್ಲಿಲ್ಲ, ಇಷ್ಟs ಅಲ್ಲೇನು?” ಎಂದು ಶೇಠಜಿ ಎರಡನ್ನೂ ಸೀರೆಯಂತೆ ಎತ್ತಿಟ್ಟರು.

ಇನ್ನು ಬೀಗರು ಬಂದು, ಕಟ್ಟಿದ ತಾಳಿ ಮತ್ತೆ ಹುಡುಗನ ಕೈಗೆ ಹೇಗೆ ಬಂತು ಎಂದು ಕೇಳದೆ ಬಿಡುವುದಿಲ್ಲ. ಆಗ ಹೇಳಲು ಆ ‘ಗೊತ್ತಿಲ್ರಿ’ಯೇ ಬೇಕಾಗುತ್ತದೆಂದು, ಅಕ್ಕಲಕೋಟದ ಬಸ್ಸಿನಲ್ಲಿ ನಿಂತು ಮತ್ತೆ ಮತ್ತೆ ಮೆಲ್ಲಗೆ ಹೇಳಿ ನೋಡಿದೆ. ರೂಢಿ ಬೇಕಲ್ಲ.