ಬಲಗಡೆ ಕೂತು ವಿಮಾನ ಇಳಿಸಿದ್ದು

ವಿಮಾನದ ಕೆಲಸ ಅಂದರೆ ಬಹಳ ಗಂಭೀರ ಅಂತ ಜನ ತಿಳಿದಿರುತ್ತಾರೆ. ಗಂಭೀರವೇ ಹೌದು. ಆದರೆ ಅದನ್ನು ಮಾಡುವವಳು ನನ್ನಂಥ ಶಹಾಪುರದವಳಾದರೆ ಫಜೀತಿಗಳು ತಾವಾಗಿಯೇ ಬೆನ್ನು ಹತ್ತುತ್ತವೆ.

ನಾನು ಸರ್ಕಾರಿ ಬಸ್ ಡ್ರೈವರನ ಮಗಳು. ಸಣ್ಣ ವಿಮಾನ ಹಾರಿಸುವ ಲೈಸೆನ್ಸು ಪಡೆದಾದ ಮೇಲೆ ಪಕ್ಕದ ಜಿಲ್ಲೆಯ ಒಂದು ತರಬೇತಿ ಶಾಲೆಯಲ್ಲಿ ಶಿಕ್ಷಕಿಯಾಗಲು ಹೊರಟೆ. ಇಂಥ ವಿಮಾನದಲ್ಲಿ ಕಲಿಯುವವರು ಎಡಗಡೆ ಕೂರುತ್ತಾರೆ, ಕಲಿಸುವವರು ಬಲಗಡೆ. ಇಬ್ಬರ ಮುಂದೆಯೂ ಒಂದೊಂದು ಹಿಡಿಕೆ. ಅಲ್ಲಿಯವರೆಗೆ ಎಡಗಡೆ ಕೂತೇ ಹಾರಿಸಿದ್ದ ನಾನು ಬಲಗಡೆ ಕೂತು ಇಳಿಸುವುದನ್ನು ಹೊಸದಾಗಿ ಕಲಿಯಬೇಕಿತ್ತು. ಪರೀಕ್ಷೆ ಪಾಸಾದರೆ ಅಲ್ಲೇ ಕೆಲಸ, ವಾರಕ್ಕೊಮ್ಮೆ ಬಸ್ಸು ಹತ್ತಿ ಮನೆಗೆ ಬರಬಹುದು. ಇಲ್ಲದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಯಾವುದೋ ದೂರದ ರಾಜ್ಯಕ್ಕೆ ಹೋಗಬೇಕು. ನನಗೆ ಈ ಕಡೆಯ ಸೀಮೆ ಬಿಡುವ ಮನಸ್ಸು ಸುತಾರಾಂ ಇರಲಿಲ್ಲ.

"ಅವ್ವಾ, ವಿಮಾನ ಇಳಸೋದು ಕಲಿಯಾಕ ಹೊಂಟೀನಿ" ಅಂದೆ.

ಅವ್ವ ಗಾಬರಿಯಾಗಿ ಕೇಳಿದಳು: "ಯಾಕ, ಮರ್ತಿ ಏನು?"

ಬಡ್ತಿ

ಅಪ್ಪ ಒಂದು ಸಂಕಟವನ್ನು ಬಹಳ ದಿನದಿಂದ ಒಳಗೇ ನುಂಗಿಕೊಂಡಿದ್ದನಂತೆ. ನಾನು ವಿಮಾನದಲ್ಲಿ ಕೂತ ಫೋಟೋ ಮನೆಯ ಪಡಸಾಲೆಯಲ್ಲಿದೆ. ಅದರಲ್ಲಿ ನಾನು ಎಡಗಡೆ ಕೂತಿದ್ದೇನೆ. ಯಾದಗಿರಿ, ಶಹಾಪುರ, ಸುರಪುರ ಅಂತ ಜೀವಮಾನವೆಲ್ಲ ಬಸ್ಸು ಓಡಿಸಿದವನಿಗೆ ಡ್ರೈವರ್ ಕೂರುವುದು ಬಲಗಡೆ, ಎಡಗಡೆ ಕೂರುವವನು ಲಾರಿಯ ಕ್ಲೀನರ್. ಮಗಳಿಗೆ ನೋವಾದೀತು ಅಂತ ಅವನು ಕೇಳಿರಲೇ ಇಲ್ಲ.

"ಇನ್ನ ಮ್ಯಾಲೆ ನಂದು ಬಲಗಡಿ ಸೀಟು" ಅಂತ ನಾನು ಅಂದದ್ದೇ ತಡ, ಅಪ್ಪ ಅಂಗಿ ಹಾಕಿಕೊಂಡು ಪೇಢೆ ತರಲು ಹೋದ. ಮಗಳು ಡ್ರೈವರ್ ಆದಳು ಅಂತ ಓಣಿಯ ತುಂಬ ಹಂಚಿದ. ಪಕ್ಕದ ಮನೆಯ ಖಾಲಾ ಪೇಢೆ ಬಾಯಿಗೆ ಹಾಕಿಕೊಂಡು ನನ್ನ ತಲೆ ನೇವರಿಸಿದರು. ನಾನು ಚಿಕ್ಕವಳಿದ್ದಾಗಿನಿಂದ ಈದ್ ದಿನ ನನಗಂತ ಶೀರ್‌ಕುರ್ಮಾ ಎತ್ತಿಡುವ ಜೀವ ಅದು.

"ಪೈಲಟ್ಟು ಮೊದಲಿಂದಾನೂ ನಾನಽ ಇದ್ದೆನ್ರಿ ಖಾಲಾ" ಅಂದೆ.

"ಇರ್ಲಿ ಬಿಡವ್ವಾ" ಅಂದರು ಖಾಲಾ. "ನಮ್ಮ ಹುಡುಗನೂ ಲಾರಿ ಕ್ಲೀನರ್ ಇದ್ದಾಗ ಹಿಂಗಽ ಹೇಳತಿದ್ದ."

ಮಾಳಿಗೆ ಮೇಲಿನ ಹಾರಾಟ

ಬಲಗಡೆ ಕೂತರೆ ಕೈಗಳೇ ಅದಲುಬದಲು. ಎಡಗೈಯಲ್ಲಿದ್ದ ಹಿಡಿಕೆ ಬಲಗೈಗೆ ಬರುತ್ತದೆ, ಬಲಗೈಯಲ್ಲಿದ್ದ ಇಂಜಿನ್ನಿನ ವೇಗದ ಗುಂಡಿ ಎಡಗೈಗೆ. ರೂಢಿಯಾಗಲಿ ಅಂತ ರಜೆಯ ದಿನ ಮಾಳಿಗೆ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತೆ. ಮೊಣಕಾಲುಗಳ ನಡುವೆ ಲಟ್ಟಣಿಗೆ ನಿಲ್ಲಿಸಿ ಬಲಗೈಯಲ್ಲಿ ಹಿಡಿದೆ. ಎಡಗೈಗೆ ನೀರಿನ ಟಾಕಿಯ ನಲ್ಲಿ ಸಿಕ್ಕಿತು. ದೂರದ ಗುಡ್ಡದ ಮೇಲೆ ಕಣ್ಣು ನೆಟ್ಟು ಗಟ್ಟಿಯಾಗಿ ಹೇಳಿಕೊಂಡೆ: "ನಿಧಾನ... ಮೂಗು ಮ್ಯಾಲೆ... ಇನ್ನೂ ಮ್ಯಾಲೆ... ಈಗ ಬಿಡು!"

ಓಣಿಯವರು ಇದನ್ನೆಲ್ಲ ನೋಡಿದ್ದಾರೆ. ಸಂಜೆಗೆ ಖಾಲಾ ದರ್ಗಾದಿಂದ ತಾಯಿತ ತಂದು ನನ್ನ ತೋಳಿಗೆ ಕಟ್ಟಿದರು. ಎದುರು ಮನೆಯ ಅಜ್ಜಿ ಹನುಮಪ್ಪನ ಗುಡಿಯಿಂದ ಅಂಗಾರ ತಂದು ಹಣೆಗೆ ಹಚ್ಚಿದಳು. ನನಗಾಗಿ ಬಿಸಿಲಲ್ಲಿ ಹೋಗಿ ಬಂದ ಆ ಇಬ್ಬರ ಮುಖ ನೋಡಿ ನನ್ನ ಕಣ್ಣು ತುಂಬಿ ಬಂತು.

"ಅಳಾಕತ್ತಾಳ ನೋಡ್ರಿ" ಅಂದಳು ಅಜ್ಜಿ ಸಮಾಧಾನದಿಂದ, "ಹೋಗಾಕತ್ತದ ಅದು."

ಸೈಡು

ನನಗೆ ಕಲಿಸುತ್ತಿದ್ದ ಹಿರಿಯ ಸರ್ ಯಾದಗಿರಿಯವರು. ವಯಸ್ಸಿನಲ್ಲಿ ಅಪ್ಪನಿಗಿಂತ ದೊಡ್ಡವರು, ಮಾತು ಮಾತ್ರ ಮೆಣಸಿನಕಾಯಿ. ಅವರು ಎಡಗಡೆ ಕೂತಿದ್ದರು, ನಾನು ಬಲಗಡೆ ಕೂತು ಮೊದಲ ಸಲ ಇಳಿಸಿದೆ. ಚಕ್ರ ಮೆತ್ತಗೆ ನೆಲ ಮುಟ್ಟಿತು. ಆದರೆ ರನ್‌ವೇಯ ನಡುವಿನ ಬಿಳಿ ಗೆರೆ ನನ್ನ ಬಲಕ್ಕೆ ದೂರ ಉಳಿದಿತ್ತು. ಎಡಗಡೆಯ ಕಣ್ಣಳತೆಯನ್ನೇ ಬಲಗಡೆಗೂ ತಂದಿದ್ದರಿಂದ ವಿಮಾನ ಎಡಕ್ಕೆ ಸರಿದಿತ್ತು. ಎರಡನೇ ಸಲವೂ ಹಾಗೇ ಆಯಿತು. ಮೂರನೇ ಸಲ ಎಡಗಡೆಯ ಚಕ್ರ ಅಂಚಿನ ಹುಲ್ಲನ್ನು ಸವರುವುದಕ್ಕೆ ಬಂದಿತ್ತು.

ಸರ್ ಕಿಟಕಿಯಿಂದ ಹುಲ್ಲು ನೋಡಿದರು, ಆಮೇಲೆ ಮುಂದಿನ ಖಾಲಿ ರನ್‌ವೇ ನೋಡಿದರು.

"ಬಸ್ ಡ್ರೈವರನ ಮಗಳು ಅನ್ನೋದು ಖರೇ ಅದ" ಅಂದರು. "ಎದುರಿಗೆ ಯಾವ ಗಾಡಿ ಬರಾಕತ್ತದವ್ವಾ, ಇಷ್ಟು ಸೈಡ್ ಕೊಡಾಕತ್ತಿ?"

ಹಿರಿಯರ ಕೈ

ಇದೆಲ್ಲ ಹೇಗೋ ಸರಿಹೋಯಿತು. ನಿಜವಾದ ಕಷ್ಟ ಬೇರೆಯೇ ಇತ್ತು. ಶಿಕ್ಷಕರ ತರಬೇತಿಯಲ್ಲಿ ಹಿರಿಯರು ಏನೂ ಬಾರದ ವಿದ್ಯಾರ್ಥಿಯ ಪಾತ್ರ ಮಾಡಿ ಬೇಕಂತಲೇ ತಪ್ಪು ಮಾಡುತ್ತಾರೆ. ತಪ್ಪು ಕೈಮೀರುವ ಮುಂಚೆ ನಾವು "ಐ ಹ್ಯಾವ್ ಕಂಟ್ರೋಲ್" ಅಂತ ಗಟ್ಟಿಯಾಗಿ ಹೇಳಿ ವಿಮಾನವನ್ನು ನಮ್ಮ ಕೈಗೆ ತೆಗೆದುಕೊಳ್ಳಬೇಕು. ಹಿರಿಯರ ಕೈಯಿಂದ ನೀರಿನ ಚೊಂಬು ಇಸಿದುಕೊಳ್ಳುವಾಗಲೂ ತಲೆ ತಗ್ಗಿಸುವ ಮನೆಯಲ್ಲಿ ಬೆಳೆದ ನನಗೆ, ಅವರ ಕೈಯಿಂದ ವಿಮಾನ ಕಸಿಯುವುದು ಹೇಗೆ ಸಾಧ್ಯ?

ಸರ್ ಬೇಕಂತಲೇ ಮೂಗು ಎತ್ತದೆ ನೆಲದ ಕಡೆ ಹೊರಟರು. ನಾನು ಶುರು ಮಾಡಿದೆ: "ಸರ್, ತಪ್ಪ ತಿಳ್ಕೋಬ್ಯಾಡ್ರಿ, ನಿಮಗ ನಡೀತದ ಅಂದ್ರ ನಾ ಸ್ವಲ್ಪ..."

ಅವರೇ ವಿಮಾನವನ್ನು ಮೇಲಕ್ಕೆ ಎಳೆದುಕೊಂಡರು. ಒಂದು ಸುತ್ತು ಹೊಡೆದರು. ಆಮೇಲೆ ಅಂದರು: "ನಿನ್ನ ಮಾತು ಮುಗಿಯೋದ್ರಾಗ ನಾವು ರನ್‌ವೇ ಮ್ಯಾಲ ಅಲ್ಲ, ರನ್‌ವೇ ಒಳಗ ಇರ್ತಿದ್ವಿ."

ಹೀಗೇ ಆದರೆ ನನ್ನನ್ನು ಪರೀಕ್ಷೆಗೆ ಕಳಿಸುವುದಿಲ್ಲ ಅಂತಲೂ ಹೇಳಿದರು. ಆ ವಾರ ಶಹಾಪುರದ ಬಸ್ಸಿನಲ್ಲಿ ನಾನು ದಾರಿಯುದ್ದಕ್ಕೂ ಅತ್ತೆ. ಟಿಕೆಟ್ ಹರಿಯಲು ಬಂದ ಕಂಡಕ್ಟರ್ ಪಾಪ, "ಚಿಲ್ಲರ ಇಲ್ಲಂದ್ರ ಇರ್ಲಿ ಬಿಡವ್ವ" ಅಂದ.

ಇನ್ನೊಂದು ರೊಟ್ಟಿ

ಆ ಭಾನುವಾರ ಹಿರಿಯ ಸರ್ ಸುರಪುರದ ನೆಂಟರ ಮನೆಗೆ ಹೊರಟವರು ದಾರಿಯಲ್ಲಿ ನಮ್ಮ ಮನೆಗೆ ಊಟಕ್ಕೆ ಬಂದರು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಬಡಿಸುವ ಕೆಲಸ ನನ್ನದು. ಸರ್ "ಸಾಕು" ಅಂತ ತಾಟಿನ ಮೇಲೆ ಕೈ ಅಡ್ಡ ಹಿಡಿದರು. ನಮ್ಮ ಕಡೆ ಊಟಕ್ಕೆ ಕೂತವರು ಸಾಕು ಅಂದರೆ ಯಾರು ಕೇಳುತ್ತಾರೆ? ನಾನು ಅವರ ಮಣಿಕಟ್ಟು ಹಿಡಿದು ಪಕ್ಕಕ್ಕೆ ಸರಿಸಿ ರೊಟ್ಟಿ ಹಾಕಿದೆ.

ಸರ್ ನನ್ನನ್ನೇ ದಿಟ್ಟಿಸಿ ನೋಡಿದರು. "ಈಗ ಏನ್ ಮಾಡ್ದಿ?"

"ರೊಟ್ಟಿ ಹಾಕಿದೆನ್ರಿ."

"ನನ್ನ ಕೇಳಿ ಹಾಕಿದೇನು?"

"ಕೇಳಿದ್ರ ನೀವು ಬ್ಯಾಡ ಅಂತಿದ್ರಿ."

"ಹಾಂ! ಹಿರಿಯರು ಅಂತ ಬಿಟ್ಟೇನು? ಕೈ ಸರಿಸಿದಿ, ಹಾಕಿದಿ. ವಿಮಾನದಾಗೂ ಇಷ್ಟಽ ಮಾಡೋದು."

ನನ್ನ ತಲೆಯೊಳಗೆ ಏನೋ ಗಂಟು ಬಿಚ್ಚಿದ ಹಾಗಾಯಿತು. ಅಷ್ಟು ದಿನ ಬೈದು, ಬೈದ ಮೇಲೂ ನನ್ನ ಕೈಬಿಡದೆ ದಾರಿ ಹುಡುಕಿಕೊಟ್ಟ ಆ ಹಿರಿಯರಿಗೆ ಹೇಗೆ ಥ್ಯಾಂಕ್ಸ್ ಹೇಳಬೇಕೋ ತಿಳಿಯದೆ ನಿಂತುಬಿಟ್ಟೆ. ಅವ್ವನಿಗೆ ತಿಳಿಯಿತು.

"ಪಾಠ ಛಲೋ ಆತ್ರಿ" ಅಂದು ಅವಳು ಸರ್ ಕೈ ಸರಿಸಿದಳು. "ಇದೊಂದು ತಗೋರಿ, ಆಕಿಗೆ ಇನ್ನೂ ಗಟ್ಟಿ ಆಗ್ಲಿ."

ಪರೀಕ್ಷೆ

ಪರೀಕ್ಷೆ ಮಾಡಲು ಬಂದವರು ಮೈಸೂರು ಕಡೆಯ ಹಿರಿಯರು. ಮೆತ್ತನೆಯ ಮಾತು, ನನ್ನನ್ನೂ ಮೇಡಂ ಅನ್ನುವವರು. ವಿದ್ಯಾರ್ಥಿಯ ಹಾಗೆ ಎಡಗಡೆ ಕೂತರು. ಮೊದಲ ಸುತ್ತಿನಲ್ಲಿ ನಾನೇ ಇಳಿಸಿ ತೋರಿಸಿದೆ. ಬಿಳಿ ಗೆರೆ ನಡುವಿಗೇ ಬಂತು. ಎರಡನೇ ಸುತ್ತಿನಲ್ಲಿ ವಿಮಾನವನ್ನು ರನ್‌ವೇಯ ನೇರಕ್ಕೆ ತಂದು, ಇಳಿಯುವ ವೇಗಕ್ಕೆ ಇಟ್ಟು, "ಇನ್ನು ನೀವು ಹಿಡೀರಿ ಸರ್" ಅಂದೆ. ಅವರು ಹೊರಗೆ ನೋಡುತ್ತಲೇ "ಹ್ಞೂಂ" ಅಂತ ತಲೆ ಆಡಿಸಿದರು.

ವಿಮಾನ ನೆಟ್ಟಗೆ ಕೆಳಗಿಳಿಯತೊಡಗಿತು. ರನ್‌ವೇ ಹತ್ತಿರ ಬಂತು. ಮೂಗು ಎತ್ತುವ ಹೊತ್ತಾಯಿತು, ಅವರು ಎತ್ತಲಿಲ್ಲ. ಕಿಟಕಿಯಿಂದ ಹೊರಗಿನ ತೊಗರಿ ಹೊಲ ನೋಡುತ್ತಾ ಆರಾಮಾಗಿ ಕೂತಿದ್ದಾರೆ! ಅವರ ಒಂದು ಕೈ ಹಿಡಿಕೆಯ ಮೇಲೆ ಸುಮ್ಮನೆ ಒರಗಿತ್ತು. ನೆಲ ಮುಖಕ್ಕೇ ಬಂತು. ಇಂಗ್ಲಿಷೆಲ್ಲ ಮರೆತುಹೋಯಿತು.

"ತಗೀರಿ ಕೈ!" ಅಂತ ಕೂಗಿದೆ. ಅವರ ಮಣಿಕಟ್ಟು ಹಿಡಿದು ಪಕ್ಕಕ್ಕೆ ಸರಿಸಿ, ಮೂಗು ಎತ್ತಿ, ಮೆತ್ತಗೆ ಇಳಿಸಿದೆ.

ವಿಮಾನ ನಿಂತಿತು. ಅವರ ಮುಖ ಬೆಳ್ಳಗಾಗಿತ್ತು. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಪಾಸ್ ಮೇಡಂ, ಪಾಸ್" ಅಂದರು. ಊರು ಬಿಡುವ ಚಿಂತೆ ಕಳೆಯಿತು. ಸಂತೋಷಕ್ಕೆ ನನಗೆ ಅಳುವೇ ಬಂತು. ಇಳಿದವಳೇ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದೆ.

"ತಪ್ಪಾತ್ರಿ ಸರ್, ಕೈ ಜಗ್ಗಿಬಿಟ್ಟೆ. ಆದ್ರ ಏನೂ ಬಾರದ ವಿದ್ಯಾರ್ಥಿ ಪಾತ್ರ ಏನ್ ಛಂದ ಮಾಡಿದ್ರಿ! ನನಗ ಖರೇನಽ ಅನಿಸಿಬಿಡ್ತು."

ಅವರು ಕರ್ಚೀಫು ತೆಗೆದು ಕತ್ತು ಒರೆಸಿಕೊಂಡರು.

"ಯಾವ ಪಾತ್ರ ಮೇಡಂ?" ಅಂದರು. "ನೀವೇ ಇಳಿಸ್ತಿದ್ದೀರಿ ಅಂದ್ಕೊಂಡಿದ್ದೆ!"