ಬೀಗರಿಬ್ಬರ ಕಿವಿ ಮುಚ್ಚಿದ ತಮ್ಮ ಹೆಡ್‌ಫೋನಿನ ಬಗ್ಗೆ

ಮಾನ್ಯರೇ,

ಸಮುದ್ರದಾಚೆಯ ಚಳಿಯ ಊರಿನಲ್ಲಿ, ಗಾಳಿಯೂ ಚಪ್ಪಲಿ ಕಳಚಿಟ್ಟು ಒಳಗೆ ಬರಬೇಕಾದಂಥ ನಿಶ್ಶಬ್ದ ಕೋಣೆಯಲ್ಲಿ ಕುಳಿತು, ಒಳಗಿನದನ್ನು ಹೊರಗೆ ಬಿಡದ, ಹೊರಗಿನದನ್ನು ಒಳಗೆ ಬಿಡದ ಸ್ಟುಡಿಯೊ ಹೆಡ್‌ಫೋನುಗಳನ್ನು ರೂಪಿಸುತ್ತಿರುವ ಪ್ರಧಾನ ಧ್ವನಿ ವಿನ್ಯಾಸಕರಾದ ತಮಗೆ, ಇಲೊಯ್ಲೊ ನಗರದ ಹಾರೊ ಬಡಾವಣೆಯ ಗೃಹಿಣಿ ಪುರಿಫಿಕಾಸಿಯೋನ್ ಡಿಮಲಾಂತ ಮಾಡುವ ಅನಂತ ನಮಸ್ಕಾರಗಳು. ತಾವೂ, ತಮ್ಮ ಮನೆಯವರೂ, ಮುಖ್ಯವಾಗಿ ತಮ್ಮ ಎರಡೂ ಕಿವಿಗಳೂ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ತಮ್ಮ ಕಂಪನಿಯ ಹೆಸರನ್ನು ಇಲ್ಲಿ ಬೇಕೆಂದೇ ಬರೆದಿಲ್ಲ. ಬರೆದರೆ ಈ ದೂರೇ ಜಾಹೀರಾತಾಗಿ ನಮ್ಮೂರಿನ ಇನ್ನಷ್ಟು ಗಂಡಸರು ಸಂಸಾರಕ್ಕೆ ಕಿವುಡರಾದಾರೆಂಬ ಭಯ ನನಗಿದೆ.

ನನ್ನ ಯಜಮಾನರಾದ ತೆಯೋಫಿಲೊ ಅವರು ಇಲ್ಲಿನ ರೇಡಿಯೊ ನಾಟಕಗಳಿಗೆ ಸದ್ದು ಕೂಡಿಸುವ ಕೆಲಸದಲ್ಲಿ ತಲೆಗೂದಲು ನರೆಸಿಕೊಂಡವರು. ಮಳೆ ಬೇಕೆಂದರೆ ತಗಡಿನ ಮೇಲೆ ಹೆಸರುಕಾಳು ಸುರಿದು, ಕುದುರೆ ಬೇಕೆಂದರೆ ತೆಂಗಿನ ಚಿಪ್ಪು ಬಡಿದು, ಊರಿಗೆ ಊರೇ ಕಣ್ಣೀರು ಹಾಕುವಂತೆ ಮಾಡಿದವರು. ಅವರು ನಿವೃತ್ತರಾದ ದಿನ ಹಳೆಯ ಸಂಗಾತಿಗಳೆಲ್ಲ ಸೇರಿ ತಮ್ಮ ಕಂಪನಿಯ ಅತಿ ದುಬಾರಿ ಹೆಡ್‌ಫೋನನ್ನು ಉಡುಗೊರೆಯಾಗಿ ಕೊಟ್ಟರು. ಮದುವೆಯಾದಂದಿನಿಂದ ನನ್ನ ಮಾತು ಕೇಳಿಸಿದರೂ ಕೇಳಿಸದಂತೆ ಇರಲು ಆ ಪುಣ್ಯಾತ್ಮರು ಎಷ್ಟು ಶ್ರಮ ಪಡುತ್ತಿದ್ದರೆಂಬುದು ನನಗೊಬ್ಬಳಿಗೇ ಗೊತ್ತು. ಆ ಶ್ರಮವನ್ನು ತಾವು ಒಂದೇ ಏಟಿಗೆ ನಿವಾರಿಸಿದಿರಿ. ಒಲೆಯ ಮೇಲೆ ಮೀನು ಸೀದರೂ, ಬಾಗಿಲಲ್ಲಿ ನೆಂಟರು ನಿಂತರೂ, ನಾನು ಪಕ್ಕದಲ್ಲೇ ನಿಂತು ಅವರ ಇಡೀ ವಂಶವನ್ನು ಹೆಸರು ಹಿಡಿದು ಕರೆದರೂ, ಅವರ ಮುಖದಲ್ಲಿ ದೇವರ ಪಟದಲ್ಲಿರುವಂಥ ಶಾಂತಿ. ಇಂಥ ಕಾರ್ಯಕುಶಲತೆಗೆ ನನ್ನ ಮನಃಪೂರ್ವಕ ಅಭಿನಂದನೆಗಳು.

ಇಷ್ಟೇ ಆಗಿದ್ದರೆ ನಾನು ತಮಗೆ ತೊಂದರೆ ಕೊಡುತ್ತಿರಲಿಲ್ಲ. ಆದರೆ ನಮ್ಮೂರಿನಲ್ಲಿ ಶ್ರವಣಪ್ರಿಯರ ಸಂಘವೊಂದಿದೆ. ಶನಿವಾರ ಮಧ್ಯಾಹ್ನ ಅವರೆಲ್ಲ ಬಾಚೋಯ್ ಎಂಬ ಶ್ಯಾವಿಗೆ ಸಾರಿನ ಅಂಗಡಿಯ ಹಿಂಬದಿಯ ಮೇಜಿನ ಸುತ್ತ ಸೇರಿ, ಸಾರು ಆರಿ ತಣ್ಣಗಾಗುವವರೆಗೂ ಧ್ವನಿಯ ಗುಣಾವಗುಣಗಳನ್ನು ಚರ್ಚಿಸುತ್ತಾರೆ. ಯಜಮಾನರು ತಮ್ಮ ಹೆಡ್‌ಫೋನನ್ನು ಅಲ್ಲಿಗೆ ಹೊತ್ತೊಯ್ದರು. ಅಂದು ಅವರ ಕೈಗೆ ಊಟದ ಡಬ್ಬಿ ಕೊಟ್ಟು ಬರಲು ಹೋದವಳು ಕಂಬದ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡೆ. ನನ್ನ ಕಿವಿ ಯಾರೂ ಮುಚ್ಚಿರಲಿಲ್ಲವಲ್ಲ.

ಹಲ್ಲಿನ ಡಾಕ್ಟರರು ಮೊದಲು ಹಾಕಿಕೊಂಡು ತೆಗೆದರು. "ಅಯ್ಯಪ್ಪಾ, ಮೇಲಿನ ಸ್ವರ ನೇರ ನರಕ್ಕೇ ಚುಚ್ಚುತ್ತೆ. ನಾನು ಹಲ್ಲು ಕೊರೆಯೋವಾಗ ಜನಕ್ಕೆ ಏನಾಗುತ್ತೆ ಅಂತ ಇವತ್ತು ಗೊತ್ತಾಯ್ತು" ಎಂದರು. ಕಬ್ಬಿಣದಂಗಡಿಯವರು ಒಪ್ಪಲಿಲ್ಲ. "ಹೊಸದಲ್ವಾ, ಹೊಸ ಚಪ್ಪಲಿ ಥರ ಕಚ್ಚುತ್ತೆ. ಒಂದು ತಿಂಗಳು ಹಾಡು ಹಾಕಿ ಹಾಗೇ ಬಿಡಿ, ಹದಕ್ಕೆ ಬರುತ್ತೆ" ಎಂದರು. ಇನ್ನೊಬ್ಬರು ತಪ್ಪೆಲ್ಲ ವೈರಿನದು ಎಂದರು. ಮತ್ತೊಬ್ಬರು ತಪ್ಪೆಲ್ಲ ಹಾಡಿನದು ಎಂದರು. ಒಂದೇ ವಸ್ತುವಿನಿಂದ ಇಷ್ಟು ಜನರಿಗೆ ಇಷ್ಟು ಬೇರೆ ಬೇರೆ ಸದ್ದು ಹೊರಡಿಸುವ ತಮ್ಮ ಔದಾರ್ಯ ದೊಡ್ಡದು.

ಯಜಮಾನರ ಅಭಿಪ್ರಾಯ ಹೀಗಿತ್ತು: "ಇದು ಸತ್ಯವಂತ ಕಣ್ರಯ್ಯಾ. ಇದ್ದದ್ದನ್ನ ಇದ್ದ ಹಾಗೆ ಹೇಳುತ್ತೆ. ತಲೆದೂಗಿಸೋಕೆ ಇದೇನು ಮೆರವಣಿಗೆ ಬ್ಯಾಂಡಾ? ಇದನ್ನ ಹಾಕ್ಕೊಂಡು ತಲೆ ಅಲ್ಲಾಡಿಸಿದ ಅಂದ್ರೆ ಅವನಿಗೆ ಕೇಳೋಕೇ ಬರಲ್ಲ."

ಅಲ್ಲಿ ಕೊನೆಯದಾಗಿ ಕೇಳಿದವರು ಅನಾಕ್ಲೆತೊ ಬುಯೆನ್‌ಕೊನ್ಸೆಹೊ. ನಮ್ಮ ಚರ್ಚಿನ ಹಾಡುಗಾರರ ತಂಡವನ್ನು ನಡೆಸುವವರು, ದಪ್ಪ ಕನ್ನಡಕದವರು, ಹಾಗೂ ನಮ್ಮ ಹಿರಿಯ ಮಗಳು ಮರಿವಿಕ್‌ಗೆ ಮಾವನಾಗಬೇಕಾಗಿದ್ದವರು. ಅವರು ಹೆಡ್‌ಫೋನನ್ನು ಕನ್ನಡಕದ ಮೇಲೆಯೇ ಏರಿಸಿ, ಸ್ವಲ್ಪ ಹೊತ್ತು ಕೇಳಿ, ಮೂಗು ಮುರಿದು ಕೆಳಗಿಟ್ಟರು.

"ಮುಚ್ಚಿದ ಹೆಡ್‌ಫೋನು ಅಂತ ಹೆಸರು ಮಾತ್ರ. ಬುಟ್ಟೀಲಿ ನೀರು ಹಿಡಿದ ಹಾಗಿದೆ. ಬೀದೀಲಿ ಹೋಗೋ ಜೀಪ್ನಿಗಳೆಲ್ಲ ನನ್ನ ಕಿವಿಯೊಳಗೇ ಹೋದ್ವು" ಎಂದರು.

"ಕನ್ನಡಕದ ಕಡ್ಡಿ ಅಡ್ಡ ಬರುತ್ತೆ, ಕ್ಲೆತೊ. ಅದನ್ನ ತೆಗೆದು ಹಾಕ್ಕೊಂಡು ನೋಡು."

"ಕನ್ನಡಕ ಹಾಕ್ಕೊಂಡೋರು ಹಾಡು ಕೇಳಬಾರ್ದು ಅಂತ ಕಾನೂನಿದೆಯಾ?"

"ಚರ್ಚಿನ ಗಂಟೆ ಕೆಳಗೆ ನಿಂತೂ ನಿಂತೂ ನಿನ್ನ ಕಿವಿಗೆ ತುಕ್ಕು ಹಿಡಿದಿದೆ."

"ತೆಂಗಿನ ಚಿಪ್ಪು ಬಡಿದು ಕುದುರೆ ಅಂತ ಊರಿಗೆಲ್ಲಾ ನಂಬಿಸಿದವನ ಹತ್ರ ನಾನು ಸತ್ಯದ ಪಾಠ ಕಲೀಬೇಕಾ? ಇಂಥ ಕಿವಿ ಇರೋ ಮನೆಯಿಂದ ಸೊಸೆ ತರೋದೋ ಬೇಡವೋ, ಯೋಚನೆ ಮಾಡ್ಬೇಕು!"

"ಮಾಡಪ್ಪಾ, ಚೆನ್ನಾಗಿ ಮಾಡು. ನಿಮ್ಮನೆ ಬಾಗಿಲಲ್ಲಿ ನಾನೇನು ಮಗಳನ್ನ ಹಿಡ್ಕೊಂಡು ಕ್ಯೂ ನಿಂತಿಲ್ಲ!"

ಮಾನ್ಯರೇ, ಇಲೊಯ್ಲೊದವರ ದನಿ ಹುಟ್ಟಾ ಸಿಹಿ. ನಾವು ಬೈದುಕೊಂಡರೂ ಜೋಗುಳ ಹಾಡಿದಂತಿರುತ್ತದೆ. ಆದ್ದರಿಂದ ಸಾರು ಬಡಿಸುತ್ತಿದ್ದ ಹೆಂಗಸಿಗೆ ಅಲ್ಲೊಂದು ಮದುವೆ ಮುರಿದುಬಿದ್ದದ್ದು ತಿಳಿಯಲೇ ಇಲ್ಲ. ಇನ್ನೊಂದಿಷ್ಟು ಈರುಳ್ಳಿ ಹಾಕಲೇ ಎಂದು ಅವಳು ನಗುತ್ತಲೇ ಕೇಳಿದಳು.

ಮದುವೆ ಡಿಸೆಂಬರಿನಲ್ಲೆಂದು ಮಾತಾಗಿತ್ತು. ಹುಡುಗ ರಾಮೆಲ್ ಹಡಗಿನಲ್ಲಿ ಕೆಲಸ ಮಾಡುವವನು. ಮಾರ್ಚಿನಲ್ಲಿ ಮತ್ತೆ ಹಡಗು ಹತ್ತಬೇಕಿತ್ತು. ಅದಕ್ಕೂ ಮೊದಲು, ಹೊಸ ವರ್ಷದ ಜನವರಿಯಲ್ಲಿ, ಅವನ ಅಕ್ಕನ ಮದುವೆ. ಒಡಹುಟ್ಟಿದವರು ಒಂದೇ ಕ್ಯಾಲೆಂಡರ್ ವರ್ಷದಲ್ಲಿ ಮದುವೆಯಾದರೆ ಒಬ್ಬರ ಭಾಗ್ಯವನ್ನು ಇನ್ನೊಬ್ಬರು ಉಣ್ಣುತ್ತಾರೆಂದು ನಮ್ಮಲ್ಲಿ ನಂಬಿಕೆ. ಅದರಲ್ಲಿ ಹಿರಿಯರಾರೂ ರಾಜಿಯಾಗುವುದಿಲ್ಲ. ಡಿಸೆಂಬರ್ ತಪ್ಪಿದರೆ ಇಡೀ ಒಂದು ವರ್ಷ ದಾಟಬೇಕು. ಅಷ್ಟರಲ್ಲಿ ಹುಡುಗ ಯಾವ ಸಮುದ್ರದಲ್ಲಿರುತ್ತಾನೋ, ನಮ್ಮತ್ತೆ ಸಿಯೋನ್ ಅಜ್ಜಿ ಈ ಲೋಕದಲ್ಲೇ ಇರುತ್ತಾರೋ, ಯಾರು ಬಲ್ಲರು? ಮರಿವಿಕ್ ಅಳಲಿಲ್ಲ, ಜಗಳ ಮಾಡಲಿಲ್ಲ. ತೊಳೆದಿಟ್ಟ ತಟ್ಟೆಗಳನ್ನೇ ತೆಗೆದು ಮತ್ತೆ ತೊಳೆಯತೊಡಗಿದಳು. ಅದನ್ನು ನೋಡಲಾಗದೆ ನಾನು ಹಿತ್ತಲಿಗೆ ಹೋಗಿ ನಿಂತೆ. ಅವಳ ಅಪ್ಪನಿಗೆ ತಟ್ಟೆಯ ಸದ್ದು ಕೇಳಿಸುವಂತಿರಲಿಲ್ಲ, ತಮ್ಮ ದಯೆ.

ಆಗ ನನ್ನ ನೆರವಿಗೆ ಬಂದವಳು ಕ್ಲೆತೊನ ಹೆಂಡತಿ ಎಲ್ಪಿದಿಯಾ. ನನಗಿಂತ ಚಿಕ್ಕವಳು, ನನ್ನ ಉದ್ದದ ಹೆಸರನ್ನು ಪೂರಿಂಗ್ ಎಂದು ಮೊಟಕು ಮಾಡಿ, ನಾಂಗ್ ಎಂದೇ, ಅಂದರೆ ಅಕ್ಕ ಎಂದೇ ಕರೆಯುವವಳು. ಸಂತೆಯಲ್ಲಿ ಒಣಮೀನಿನ ಅಂಗಡಿಯ ಮುಂದೆ ನನ್ನ ಕೈ ಹಿಡಿದು ನಿಲ್ಲಿಸಿ ಅವಳು ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ: "ನಾಂಗ್ ಪೂರಿಂಗ್, ನಿನ್ನ ಗಂಡನ ಬಾಯಿ ಮುಚ್ಚಿಸೋಕೆ ನಿನ್ನ ಕೈಲಾಗಲ್ಲ, ನನ್ನ ಗಂಡನದು ನನ್ನ ಕೈಲಾಗಲ್ಲ. ಅವರ ಕಿವಿ ಮುಚ್ಚಿಸೋಣ."

ಮುಂದಿನ ಭಾನುವಾರ ನಮ್ಮ ಮನೆಯಲ್ಲಿ ಪರೀಕ್ಷೆಯೊಂದು ಏರ್ಪಾಡಾಯಿತು. ಎಲ್ಪಿದಿಯಾ ಅಂಗಡಿಯವರನ್ನು ಕಾಡಿ ಬೇಡಿ ತಮ್ಮ ಕಂಪನಿಯ ಅದೇ ಮಾದರಿಯ ಇನ್ನೊಂದು ಹೆಡ್‌ಫೋನನ್ನು ತಂದಳು. ಒಂದೇ ಮಾದರಿ, ಒಂದೇ ಹಾಡು, ಇಬ್ಬರೂ ಎದುರುಬದುರು ಕೂತು ಒಟ್ಟಿಗೇ ಕೇಳಿ ತೀರ್ಮಾನಕ್ಕೆ ಬನ್ನಿ ಎಂದೆವು. ಮಗಳ ಮದುವೆಯ ಮಾತಿಗೆ ಕರೆದಿದ್ದರೆ ಇಬ್ಬರೂ ಬರುತ್ತಿರಲಿಲ್ಲ. ಇದಕ್ಕೆ ಹೇಳಿದ ಹೊತ್ತಿಗಿಂತ ಮೊದಲೇ ಬಂದು ಕೂತರು. ಎರಡೂ ಕಡೆಯ ನೆಂಟರು ಊಟದ ನೆಪದಲ್ಲಿ ಸೇರಿದ್ದರು. ಗಂಡಿನ ಕಡೆಯವರು ಹೆಣ್ಣು ಕೇಳುವ ಶಾಸ್ತ್ರಕ್ಕೆ ತಕ್ಕಂತೆ ಅಕ್ಕಿಯ ಕಡುಬು, ಹುರಿದ ಹಂದಿ, ಹಣ್ಣುಗಳನ್ನು ಹೊತ್ತು ತಂದಿದ್ದರು. ಇದೇನು ಇಷ್ಟೊಂದು ತಿಂಡಿ ಎಂದು ಕೇಳುವ ವ್ಯವಧಾನ ಅವರಿಬ್ಬರಿಗೂ ಇರಲಿಲ್ಲ.

"ಈಗಲಾದ್ರೂ ಕನ್ನಡಕ ತೆಗೀತೀಯೋ ಇಲ್ವೋ?" ಎಂದರು ಯಜಮಾನರು.

"ತೆಗೆದೆ, ತಗೋ! ತೆಗೆದ್ರೂ ಬುಟ್ಟಿ ಬುಟ್ಟಿನೇ" ಎಂದು ಕ್ಲೆತೊ ಕನ್ನಡಕವನ್ನು ಜೇಬಿಗಿಳಿಸಿದರು. ಕನ್ನಡಕವಿಲ್ಲದೆ ಅವರಿಗೆ ಎದುರಿಗೆ ನಿಂತದ್ದು ಮನುಷ್ಯನೋ ಬೀರುವೋ ತಿಳಿಯುವುದಿಲ್ಲ. ನನ್ನ ಯಜಮಾನರಿಗೆ ಕಣ್ಣು ಮುಚ್ಚದೆ ಕೇಳಿ ಅಭ್ಯಾಸವೇ ಇಲ್ಲ. ಎಲ್ಪಿದಿಯಾ ಹಾಕಿದ್ದು ದೊಡ್ಡ ಡೋಲು ಬಡಿಯುವ ಹಾಡು.

ಸಿಯೋನ್ ಅಜ್ಜಿ ಊರುಗೋಲು ಹಿಡಿದು ಇಬ್ಬರ ಮುಂದೆ ನಿಂತು, ಇಡೀ ಮನೆಗೆ ಕೇಳುವಂತೆ ಶುರುಮಾಡಿದರು: "ಅನಾಕ್ಲೆತೊ, ನಮ್ಮ ಮರಿವಿಕ್‌ನ ಸೊಸೆ ಅಂತ ಮನೆ ತುಂಬಿಸಿಕೊಳ್ಳೋಕೆ ಒಪ್ಪಿಗೇನಾ?" ಕ್ಲೆತೊ ತಲೆಯಾಡಿಸಿದರು. "ತೆಯೊ, ಮಗಳನ್ನ ಕೊಡೋಕೆ ಒಪ್ಪಿಗೇನಾ ಮಗನೇ?" ಯಜಮಾನರೂ ತಲೆಯಾಡಿಸಿದರು. "ಡಿಸೆಂಬರ್‌ನಲ್ಲೇ ಆಗಬೇಕು, ಹೂಂ?" ಅಷ್ಟು ಹೊತ್ತಿಗೆ ಡೋಲು ಜೋರಾಗಿತ್ತೆಂದು ಕಾಣುತ್ತದೆ, ಇಬ್ಬರೂ ಭುಜ ಸಮೇತ ಒಪ್ಪಿದರು. "ಮದುವೆ ದಿನ ಇಬ್ರೂ ಧ್ವನಿಗಿನಿ ಅಂತ ಒಂದು ಮಾತೂ ಆಡಬಾರ್ದು." ಅದಕ್ಕೂ ಒಪ್ಪಿದರು. ನೆಂಟರು ಚಪ್ಪಾಳೆ ತಟ್ಟಿದರು. ಮರಿವಿಕ್ ಬಂದು, ನಮ್ಮಲ್ಲಿ ಹಿರಿಯರಿಗೆ ನಮಸ್ಕರಿಸುವ ಕ್ರಮದಲ್ಲಿ, ಮಾವನ ಕೈಯನ್ನು ಎತ್ತಿ ತನ್ನ ಹಣೆಗೊತ್ತಿಕೊಂಡಾಗಲೇ ಕ್ಲೆತೊ ಬೆಚ್ಚಿ ಹೆಡ್‌ಫೋನ್ ತೆಗೆದದ್ದು.

"ಏನಿದು? ಯಾವಾಗ ಒಪ್ಪಿದೆ ನಾನು?"

"ಈಗ ತಾನೇ ಒಪ್ಪಿದೆ. ನಿನ್ನ ಮೂಗಿನ ತುದೀಲಿ ನಿಂತು ಕೇಳಿದ್ನಲ್ಲಾ. ಕೇಳಿಸ್ಲಿಲ್ವೇನಪ್ಪಾ?" ಎಂದರು ಅಜ್ಜಿ.

ಕ್ಲೆತೊ ಜೇಬಿನಿಂದ ಕನ್ನಡಕ ತೆಗೆದು ಮೂಗಿಗೇರಿಸಿದರು. ಕೇಳಿಸಲಿಲ್ಲವೆಂದರೆ ಬುಟ್ಟಿಯೆಂದು ಜರೆದಿದ್ದ ಹೆಡ್‌ಫೋನು ನಿಜಕ್ಕೂ ಹೊರಗಿನ ಲೋಕವನ್ನೇ ತಡೆದಿತ್ತೆಂದು ಒಪ್ಪಬೇಕಾಗುತ್ತಿತ್ತು.

"ನಾನು ತಲೆ ಅಲ್ಲಾಡಿಸಿದ್ದು..." ಎಂದು ಯಜಮಾನರು ಶುರುಮಾಡಿ ಅಲ್ಲೇ ನಿಂತರು.

"ಹಾಡಿಗಾ, ಬೀಗರೇ?" ಎಂದು ಕ್ಲೆತೊ ಬೆಲ್ಲ ಸುರಿದಂತೆ ಕೇಳಿದರು.

"ಛೇ ಛೇ! ಹಾಡಿಗೆ ಯಾಕೆ ಅಲ್ಲಾಡಿಸ್ಲಿ? ಮದುವೆಗೇ ಅಲ್ಲಾಡಿಸಿದ್ದು."

"ನಂಗೂ ಅಷ್ಟೇ. ಅಮ್ಮ ಆಡಿದ್ದು ಒಂದೊಂದು ಅಕ್ಷರಾನೂ ಕೇಳಿಸ್ತಿತ್ತು."

ಹೀಗೆ ತಮ್ಮ ವಸ್ತುವಿನ ಬಗ್ಗೆ ಪರಸ್ಪರ ವಿರುದ್ಧವಾದ ಎರಡು ಅಭಿಪ್ರಾಯಗಳು ಕೂಡಿಕೊಂಡು ನನ್ನ ಮಗಳ ಮದುವೆ ನಡೆಸಿಕೊಟ್ಟವು. ಆದಕಾರಣ ತಮ್ಮ ಮುಂದೆ ಕೆಲವು ಅಲ್ಪ ಬೇಡಿಕೆಗಳನ್ನಿಡುತ್ತೇನೆ. "ಊಟಕ್ಕೆ ಬನ್ನಿ" ಎಂಬ ಎರಡು ಶಬ್ದಗಳನ್ನು ಮಾತ್ರ ಒಳಗೆ ಬಿಡುವ ಸಣ್ಣ ಕಿಂಡಿಯೊಂದನ್ನು ದಯಮಾಡಿ ಇರಿಸಬೇಕು. ಹೆಂಡತಿಯ ದನಿಯನ್ನು ಗುರುತಿಸಿ ಕಿವಿಯನ್ನು ಮೆಲ್ಲಗೆ ಹಿಂಡುವ ಏರ್ಪಾಡೂ ಇದ್ದರೆ ಒಳಿತು. ಅಷ್ಟು ಸೂಕ್ಷ್ಮ ಕೆಲಸ ಬಲ್ಲ ತಮಗೆ ಅದೇನು ಕಷ್ಟ?

ಆದರೆ ನಾನು ಪತ್ರ ಬರೆಯಲು ನಿಜವಾದ ಕಾರಣ ಬೇರೆ. ಮದುವೆಯ ಬೆಳಿಗ್ಗೆ ಮನೆ ತುಂಬ ಜನ, ಹೂವು, ಗದ್ದಲ. ಹುಡುಗಿಗೆ ಮುಸುಕು ತೊಡಿಸಿ ಆಗಿತ್ತು. ಕೈ ಹಿಡಿದು ಚರ್ಚಿಗೆ ಕರೆದೊಯ್ಯಬೇಕಾದ ತಂದೆ ಮಾತ್ರ ಎಲ್ಲೂ ಇಲ್ಲ. ಹುಡುಕಿಕೊಂಡು ಹೋದರೆ, ಹೊಸ ಅಂಗಿ ತೊಟ್ಟು, ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ, ಹೆಡ್‌ಫೋನ್ ಏರಿಸಿಕೊಂಡು ಕೂತಿದ್ದಾರೆ! ಇವತ್ತೂ ಇದೇ ಏನು ಎಂದು ನನಗೆ ಮೈಯೆಲ್ಲ ಉರಿಯಿತು. ಹಿಂದಿನಿಂದ ಹೋಗಿ ಕಿತ್ತು ತೆಗೆದೆ. ಅದೇನು ಹಾಡೋ ಕೇಳೋಣವೆಂದು ನನ್ನ ಕಿವಿಗೇ ಇಟ್ಟುಕೊಂಡೆ. ಒಳಗೆ ಹಾಡಿರಲಿಲ್ಲ. ಸದ್ದೇ ಇರಲಿಲ್ಲ. ವೈರು ನೆಲದ ಮೇಲೆ ಸುಮ್ಮನೆ ಬಿದ್ದಿತ್ತು. ಅವರು ನನ್ನ ಕಡೆ ತಿರುಗಲಿಲ್ಲ, ಭುಜ ಮಾತ್ರ ಅಲುಗುತ್ತಿತ್ತು.

"ಹೊರಗೆ ಅವಳು ನಗ್ತಿದಾಳೆ, ಪೂರಿಂಗ್" ಎಂದರು. "ಕೇಳೋಕಾಗ್ತಿಲ್ಲ."

ನಾನು ಅದನ್ನು ಮತ್ತೆ ಅವರ ಕಿವಿಗೆ ಹಾಕಿ, ಬಾಗಿಲು ಎಳೆದುಕೊಂಡು ಹೊರಗೆ ಬಂದು, ಕಾರಿನವನಿಗೆ ಇನ್ನು ಸ್ವಲ್ಪ ಹೊತ್ತು ಕಾಯಲು ಹೇಳಿದೆ.

ಅಂದಿನಿಂದ ತಮ್ಮ ಹೆಡ್‌ಫೋನಿನ ಮೆತ್ತೆಯ ತೊಗಲು, ಎಡಗಡೆ ಹೆಚ್ಚು, ಬಲಗಡೆ ಸ್ವಲ್ಪ ಕಡಿಮೆ, ಸುಕ್ಕುಗಟ್ಟಿ ಬಿರುಕು ಬಿಟ್ಟಿದೆ. ಅಂಗಡಿಯವರನ್ನು ಕೇಳಿದರೆ, ನೀರು ತಾಗಿ ಕೆಟ್ಟರೆ ಕಂಪನಿ ಹೊಣೆಯಲ್ಲವೆಂದು ಅಚ್ಚಾದ ಕಾಗದ ತೋರಿಸುತ್ತಾರೆ. ಅದು ನೀರಲ್ಲ, ಮಾನ್ಯರೇ. ಹೆಣ್ಣು ಹೆತ್ತ ತಂದೆಯರ ಕಿವಿಗಳನ್ನು ಮುಚ್ಚುವ ವಸ್ತುವನ್ನು ಮಾಡಲು ಹೊರಟವರು ಅವರ ಕಣ್ಣುಗಳ ಬಗ್ಗೆಯೂ ಒಂದು ಮಾತು ಯೋಚಿಸಬೇಕಿತ್ತು. ಎರಡು ಹೊಸ ಮೆತ್ತೆಗಳನ್ನು ದಯಪಾಲಿಸಬೇಕಾಗಿ ಬೇಡುವ,

ಇನ್ನೂ ಎರಡೂ ಕಿವಿ ತೆರೆದೇ ಇಟ್ಟುಕೊಂಡಿರುವ ತಮ್ಮ ವಿಶ್ವಾಸಿ,
ಪುರಿಫಿಕಾಸಿಯೋನ್ ಡಿಮಲಾಂತ

ತಾ.ಕ.: ತಮ್ಮ ಮುಂದಿನ ಹೆಡ್‌ಫೋನು ಬೆನ್ನು ತೆರೆದಿರುವ ಮಾದರಿಯೆಂದೂ, ಅದನ್ನು ಹಾಕಿಕೊಂಡರೆ ಹೊರಗಿನ ಮಾತೆಲ್ಲ ಸ್ಪಷ್ಟವಾಗಿ ಕೇಳುತ್ತದೆಂದೂ ಸಂಘದವರು ಸಂಭ್ರಮದಿಂದ ಮಾತಾಡಿಕೊಳ್ಳುತ್ತಿದ್ದಾರೆ. ನನಗೆ ಇನ್ನೊಬ್ಬಳು ಮಗಳಿದ್ದಾಳೆ. ಅವಳ ಮದುವೆಯಾಗುವವರೆಗೆ ಅದನ್ನು ನಮ್ಮೂರಿಗೆ ಕಳಿಸಕೂಡದು; ಕಳಿಸಿದರೆ ವರನನ್ನು ತಮ್ಮ ಮನೆಯಲ್ಲೇ ಹುಡುಕಬೇಕಾಗುತ್ತದೆ.