ವೈನಿಯ ಗಂಟಲು

ನಮ್ಮ ವೈನಿ ಬನಹಟ್ಟಿಯಲ್ಲಿ ಕೂತು ಓದಿದರೆ ಪಕ್ಕದೂರು ರಬಕವಿಯವರು ಪರೀಕ್ಷೆ ಪಾಸಾಗುತ್ತಾರೆ! ಇದು ಬರೀ ಬಡಾಯಿ ಎನ್ನುವವರು ಒಮ್ಮೆ ನಮ್ಮ ಓಣಿಗೆ ಬಂದು ನೋಡಬೇಕು. ಹೋಗುವಾಗ ಅರ್ಧ ಸಂವಿಧಾನವನ್ನಾದರೂ ಕಲಿತು ಹೋಗುತ್ತಾರೆ.

ವೈನಿ ಎಂದರೆ ನಮ್ಮ ಅಣ್ಣನ ಹೆಂಡತಿ, ಬೀಳಗಿ ಕಡೆಯ ಹೆಣ್ಣುಮಗಳು. ಮದುವೆಯಾಗಿ ಬಂದ ಹೊಸದರಲ್ಲಿ ಅವರಿಗೆ ಬಾಯಿ ಇದೆಯೋ ಇಲ್ಲವೋ ಎಂದು ನಮಗೆಲ್ಲ ಅನುಮಾನ. ಅವರ ತಪ್ಪೇನು ಬಿಡಿ, ನಮ್ಮದು ಪಾವರ್‌ಲೂಮಿನ ಮನೆ. ಮುಂದೆ ಮಗ್ಗ, ಹಿಂದೆ ಸಂಸಾರ. ಮಗ್ಗ ಶುರುವಾದರೆ ಊಟಕ್ಕೆ ಕೂತವರು ಉಪ್ಪು ಕೇಳುವುದಕ್ಕೂ ಕೂಗಬೇಕು. ಒಂದೇ ವರ್ಷದಲ್ಲಿ ವೈನಿ ನಮ್ಮನ್ನೆಲ್ಲ ಹಿಂದೆ ಹಾಕಿದರು.

ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಬೇಕೆಂಬ ಹುಚ್ಚು ಅವರಿಗೆ ತವರಿನಿಂದಲೇ ಬಂದದ್ದು. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಜಮಖಂಡಿಯಲ್ಲಿ ಬಿ.ಇಡಿ. ಸೇರಿದರು. ಬಸ್ಸಿನಲ್ಲಿ ಹೋಗಿ ಬಂದು, ಸಂಜೆ ನಮ್ಮವ್ವನ ಎದುರು ಕೂತು ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತ ಬಾಯಿಪಾಠ ಮಾಡುತ್ತಿದ್ದರು. ಅವ್ವ ಸಣ್ಣ ವಯಸ್ಸಿಗೇ ಶಾಲೆ ಬಿಟ್ಟು ಮಗ್ಗದ ಮನೆ ಸೇರಿದವಳು. ಆ ಸದ್ದಿಗೆ ಅವಳ ಕಿವಿ ಯಾವತ್ತೋ ಮಂದವಾಗಿವೆ. ಆದರೂ ಸೊಸೆ ಓದುವಾಗ ದೊಡ್ಡ ಪಂಡಿತಳ ಹಾಗೆ ತಲೆದೂಗುತ್ತಿದ್ದಳು.

ಒಂದು ದಿನ ಎದುರುಮನೆಯ ಕಾಕು ಓಡಿ ಬಂದು ನನ್ನ ರಟ್ಟೆ ಹಿಡಿದರು.

“ತಮ್ಮಾ, ನಿಮ್ಮ ವೈನಿ ಹಕ್ಕು ಹಕ್ಕು ಅಂತ ಒದರಾಕತ್ತಾಳಲ್ಲೋ! ಪಾಲು ಕೇಳಾಕತ್ತಾಳೇನ?”

“ಇಲ್ಲ ಕಾಕೂ, ಮೂಲಭೂತ ಹಕ್ಕು ಬಾಯಿಪಾಠ ಮಾಡಾಕತ್ತಾರ.”

“ಎಷ್ಟ ಅದಾವ?”

“ಆರು.”

“ಅಯ್ಯ! ಆರೂ ಆಕಿಗೇ ಕೊಟ್ಟರ ನಿಮಗೇನ ಉಳೀತೋ?”

ಆಮೇಲೆ ಹುನ್ನೂರಿನ ಶಾಲೆಯಲ್ಲಿ ಅಭ್ಯಾಸ ಪಾಠ ಬಂತು. ವೈನಿ ಮುಂಗಾರು ಮಾರುತ ಕಲಿಸಿ, ಕೈಗಂಟಿದ ಸೀಮೆಸುಣ್ಣ ಝಾಡಿಸಿಕೊಂಡು ಹೊರಗೆ ಬಂದರೆ ಪಕ್ಕದ ವರ್ಗದ ಗಣಿತದ ಮಾಸ್ತರರು ಕೈಮುಗಿದು ನಿಂತಿದ್ದರಂತೆ.

“ಅಕ್ಕೋರ, ನನ್ನ ಹುಡುಗ್ರು ಲೆಕ್ಕದ ವಹಿಯೊಳಗ ಮುಂಗಾರು ಬರಕೊಂಡಾರ್ರಿ. ಚಿತ್ರಾನೂ ತಗದಾರ!”

ಅಕ್ಕೋರು ಎಂದರೆ ನಮ್ಮ ಕಡೆ ಶಾಲೆಯ ಟೀಚರಮ್ಮ. ಇದನ್ನು ಕೇಳಿ ನಾವು ಮನೆಯಲ್ಲಿ ಬಿದ್ದು ಬಿದ್ದು ನಕ್ಕೆವು. ವೈನಿ ನಗಲಿಲ್ಲ. ಪಾಠ ನೋಡಲು ಬಂದಿದ್ದ ಕಾಲೇಜಿನ ಸರ್ ಖಡಕ್ಕಾಗಿ ಹೇಳಿದ್ದರು: “ಕಡೀ ಪಾಠಕ್ಕ ಹೊರಗಿನ ಪರೀಕ್ಷಕರು ಬರ್ತಾರವ್ವ. ಹಿಂಗ ಒದರಿದರ ಪಾಸ್ ಮಾಡೂದಿಲ್ಲ.” ಬಿ.ಇಡಿ. ಇಲ್ಲದೆ ಹೈಸ್ಕೂಲಿನ ಬಾಗಿಲು ತೆರೆಯುವುದುಂಟೇ? ಇಷ್ಟು ವರ್ಷ ಕಾದ ಕನಸು ಗಂಟಲಿನಿಂದಾಗಿ ಹಾಳಾಗುತ್ತದೇನೋ ಎಂದು ಅವರ ಮುಖ ಸಣ್ಣದಾಗಿತ್ತು.

ಅಂದಿನಿಂದ ಮೆಲ್ಲಗೆ ಮಾತಾಡುವ ಸಾಧನೆ ಶುರು. ಕಡೆಯ ಪಾಠಕ್ಕೆ ಸಿಕ್ಕಿದ ವಿಷಯವಾದರೂ ಯಾವುದು? ಜ್ವಾಲಾಮುಖಿ! ಪಿಸುಮಾತಿನಲ್ಲಿ ಜ್ವಾಲಾಮುಖಿ ಸಿಡಿಯುವುದು ಹೇಗೆ, ನೀವೇ ಹೇಳಿ. ಅಣ್ಣ ಮೊದಲ ದಿನ “ಆರಾಮ ಇಲ್ಲೇನ? ದವಾಖಾನಿಗೆ ಹೋಗೂಣೇನ?” ಎಂದ. ಎರಡು ದಿನ ಬಿಟ್ಟು ನನ್ನನ್ನು ಹಿತ್ತಲಿಗೆ ಕರೆದು, “ನಾ ಏನರ ತಪ್ಪ ಮಾಡೇನೇನೋ?” ಎಂದು ಕೇಳಿದ. ಅವ್ವನಂತೂ ಸೊಸೆಯ ತುಟಿ ನೋಡಿ ನೋಡಿ “ಏನಂದಿಬೇ? ಏನಂದಿ?” ಎನ್ನುತ್ತಿದ್ದಳು. ಕಡೆಗೆ ಕೇಳುವುದನ್ನೇ ಬಿಟ್ಟು ತಲೆ ಬಗ್ಗಿಸಿ ನೂಲು ಸುತ್ತತೊಡಗಿದಳು. ಅದನ್ನು ಕಂಡು ವೈನಿ ಎರಡು ಸಲ ಪಾಠ ಮರೆತರು.

ಪರೀಕ್ಷೆಯ ದಿನ ಗಾಡಿಯ ಮೇಲೆ ಅವರನ್ನು ಶಾಲೆಗೆ ಕರೆತಂದು ಬಿಟ್ಟು ನಾನು ವರ್ಗದ ಕಿಟಕಿಯ ಹೊರಗೆ ನಿಂತೆ. ಜೀವ ಕೈಯಲ್ಲಿ ಹಿಡಿದು ಆಲಿಸಿದೆ. ಒಂದಕ್ಷರವೂ ಕೇಳಿಸಲಿಲ್ಲ. ಇಷ್ಟು ಖುಷಿ ನನಗೆ ಎಂದೂ ಆಗಿರಲಿಲ್ಲ! ಪಾಠ ಮುಗಿದ ಮೇಲೆ ಪರೀಕ್ಷಕರು ವೈನಿಯ ಜೊತೆ ಹೊರಗೆ ಬಂದು, “ಛಲೋ ಕಲಿಸಿದಿ ತಂಗಿ. ಎಷ್ಟ ಸಮಾಧಾನದ ಧ್ವನಿ!” ಎಂದರು. ನಾನು ನಗು ತಡೆಯಲಾರದೆ ಗಾಡಿ ತರಲು ಹೋದೆ.

ಮನೆಗೆ ಬಂದರೆ ಅಣ್ಣ ಪೇಢೆ ತಂದಿಟ್ಟಿದ್ದ. ವೈನಿ ಪೇಢೆ ಮುಟ್ಟಲಿಲ್ಲ. ಜ್ವಾಲಾಮುಖಿಯ ಚಿತ್ರವನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ಅವ್ವನ ಕೈಹಿಡಿದು ತಂದು ಎದುರಿಗೆ ಕೂಡಿಸಿದರು. ಆಮೇಲೆ ಅದೇ ಪಾಠವನ್ನು ಮೊದಲಿನಿಂದ ಕಡೆಯತನಕ ಗಂಟಲು ಬಿಟ್ಟು ಕಲಿಸಿದರು. ಮಗ್ಗ ಹೊಡೆದುಕೊಳ್ಳುತ್ತಿದ್ದವು, ಜ್ವಾಲಾಮುಖಿ ಅವುಗಳನ್ನೂ ಮೀರಿ ಸಿಡಿಯಿತು. ಈ ಕೂಗು ಮಗ್ಗದ ಸದ್ದಿಗಾಗಿ ಅಲ್ಲ, ಮೊದಲಿನಿಂದಲೂ ಅವ್ವನಿಗಾಗಿಯೇ ಇದ್ದದ್ದು ಎಂದು ಆಗ ನನಗೆ ಹೊಳೆಯಿತು. ಕಣ್ಣು ತುಂಬಿ ಬಂದವು.

“ತಿಳೀತೇನ್ರಿ ಅತ್ತಿ?” ಎಂದು ವೈನಿ ಕೂಗಿ ಕೇಳಿದರು.

ಅವ್ವ ಮೊಣಕಾಲಿಗೆ ಕೈಯೂರಿ ಎದ್ದಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಶಾಲೆಯ ಹುಡುಗಿಯ ಹಾಗೆ ಕೈಕಟ್ಟಿ ಸೊಸೆಯ ಮುಂದೆ ನಿಂತಳು.

“ತಿಳೀತ್ರಿ, ಅಕ್ಕೋರ.”